ನೆಲಕ್ಕಿಳಿದ ಶನಿವಾರ

ನನ್ನ ಮೇಷ್ಟ್ರಿಗೆ,

ಶಿಕಾರಿಪುರದ ಹೈಸ್ಕೂಲಿನಲ್ಲಿ ಪ್ರತಿ ಶನಿವಾರದ ಕೊನೇ ಪಿರಿಯಡ್ಡಿಗೆ ನೀವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಿಮ್ಮ ಕುರ್ಚಿಯನ್ನು ನಮಗೆ ಬಿಟ್ಟುಕೊಡುತ್ತಿದ್ದಿರಿ. ಅದರಲ್ಲಿ ಕೂತವರು ಏನು ಬೇಕಾದರೂ ಕೇಳಬಹುದಿತ್ತು. ನಾನು ಕೇಳಿದ್ದು ನೆನಪಿದೆಯಾ? "ಕಬಡ್ಡಿ ಹುಡುಗರಿಗಷ್ಟೇ ಯಾಕ್ ಸರ್?" ನೀವು ತಲೆ ಕೆರೆದುಕೊಂಡು, "ಗೊತ್ತಿಲ್ಲಮ್ಮ, ಸೋಮವಾರ ಹೇಳ್ತೀನಿ" ಅಂದಿರಿ. ಸೋಮವಾರ ನಾವು ಹುಡುಗಿಯರು ಮೈದಾನದಲ್ಲಿದ್ದೆವು.

ಕೊನೇ ಸಲ ಫೋನಿನಲ್ಲಿ ಮಾತಾಡಿದಾಗ ನಾನು ಗೊಣಗಿದ್ದೆ. ಸೊರಬ ತಾಲ್ಲೂಕಿನ ಈ ಹಳ್ಳಿಗೆ ಸಮಾಜ ಪಾಠದ ಟೀಚರಾಗಿ ಬಂದು ಮೂರು ವರ್ಷವಾದರೂ ನನ್ನ ಮಕ್ಕಳು ಬಾಯೇ ಬಿಡುವುದಿಲ್ಲ ಅಂತ. ನೀವು ನಕ್ಕು, "ಅವರು ಕುರ್ಚಿ ಹತ್ತಲ್ವೋ, ನೀನೇ ಇಳಿದಿಲ್ವೋ?" ಅಂದಿರಿ. ನನಗೆ ಸಿಟ್ಟು ಬಂದಿತ್ತು. ಫೋನು ಬೇಗ ಇಟ್ಟುಬಿಟ್ಟೆ. ಅದೇ ಕೊನೆ ಅಂತ ಗೊತ್ತಿದ್ದರೆ...

ಎರಡು ವಾರದ ಹಿಂದೆ ಮಕ್ಕಳ ಗ್ರಾಮಸಭೆಯಿತ್ತು, ಪಂಚಾಯ್ತಿಯವರ ಮುಂದೆ ಮಕ್ಕಳೇ ತಮ್ಮ ಕಷ್ಟ ಹೇಳಿಕೊಳ್ಳುವ ದಿನ. ಮಾತಾಡಬೇಕಿದ್ದವಳು ಒಂಬತ್ತನೇ ಕ್ಲಾಸಿನ ರುಬೀನಾ. ಅವಳಪ್ಪ ಆನವಟ್ಟಿಯಲ್ಲಿ ಗಾದಿ ಹೊಲಿಯುತ್ತಾರೆ. ಸಂಜೆಯ ಬಸ್ಸು ಪಾಸು ಹಿಡಿದ ಮಕ್ಕಳನ್ನು ಕಂಡರೆ ನಿಲ್ಲುವುದಿಲ್ಲ, ಹುಡುಗಿಯರು ನಾಲ್ಕು ಕಿಲೋಮೀಟರ್ ನಡೆದೇ ಮನೆ ಸೇರಬೇಕು. "ಇನ್ನೊಂದ್ ಸಲ ಕತ್ಲಾದ್ರೆ ಸ್ಕೂಲ್ ಸಾಕು" ಅಂತ ಅವಳಪ್ಪ ಹೇಳಿಯಾಗಿತ್ತು. ನಾನೇನು ಮಾಡಿದೆ ಹೇಳಿ? ಅವಳ ಭಾಷಣವನ್ನು ನಾನೇ ಬರೆದುಕೊಟ್ಟೆ! ಎರಡು ಪುಟ, ಸಂವಿಧಾನ, ಸಮಾನತೆ, ಎಲ್ಲ ತುಂಬಿ. ನಿಮ್ಮ ಶಿಷ್ಯೆ ನೋಡಿ.

ಅವಳು ಎದ್ದು ನಿಂತು, ಹಾಳೆಯನ್ನೊಮ್ಮೆ ನೋಡಿ, ಮಡಚಿ ನನ್ನ ಕೈಗೇ ಕೊಟ್ಟಳು. "ಚೆನ್ನಾಗೈತೆ ಮಿಸ್. ಆದ್ರೆ ಇದು ನಿಮ್ ಮಾತು. ನಾನು ನಂದ್ ಹೇಳ್ತೀನಿ." ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಅವಳು ಪಂಚಾಯ್ತಿಯವರ ಕಡೆ ತಿರುಗಿ, "ಬಸ್ಸು ನಮ್ಮನ್ನ ನೋಡ್ಕೊಂಡೇ ಹೋಗ್ತೈತೆ ರೀ. ಪಾಸಿದ್ದೋರು ಮನುಷ್ಯರಲ್ವಾ? ಇವತ್ತು ನಾನು ಮನೇಲಿ ಕೂತ್ರೆ ನಾಳೆ ನನ್ ಹಿಂದಿನ ಐದು ಹುಡ್ಗೀರೂ ಕೂರ್ತಾರೆ" ಅಂದಳು. ಹಿಂದೆ ನಿಂತಿದ್ದ ಅವಳಪ್ಪ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದೆ. ನನಗೂ ತಡೆಯಲಾಗಲಿಲ್ಲ.

ಕಳೆದ ಸೋಮವಾರದಿಂದ ಬಸ್ಸು ನಿಲ್ಲುತ್ತಿದೆ, ಮೇಷ್ಟ್ರೇ! ಮೊದಲ ದಿನ ನಾನೂ ಸುಮ್ಮನೆ ಹತ್ತಿ ಅವಳೂರಿನ ತನಕ ಹೋಗಿಬಂದೆ. ಆರೂ ಹುಡುಗಿಯರು ದಾರಿಯುದ್ದಕ್ಕೂ ಗಲಾಟೆಯೋ ಗಲಾಟೆ. ಕಂಡಕ್ಟರಿಗೇ ನಗು.

ನಮಗೆ ಏನಾದರೂ ದಕ್ಕಿದಾಗಲೆಲ್ಲ ನೀವು ಆ ನೆಗ್ಗಿದ ಗ್ಲೋಬ್ ತಿರುಗಿಸಿ, "ಇನ್ನೂ ಯಾರಿಗೆ ಸಿಕ್ಕಿಲ್ಲ, ತೋರಿಸ್ರಿ" ಅನ್ನುತ್ತಿದ್ದಿರಲ್ಲ? ನಿನ್ನೆ ಶನಿವಾರ ನಾನೂ ಕ್ಲಾಸಿಗೆ ಗ್ಲೋಬ್ ಒಯ್ದೆ. ನಿಮ್ಮ ಶನಿವಾರಗಳ ಕಥೆ ಹೇಳಿ, ಕುರ್ಚಿ ಬಿಟ್ಟು ನೆಲಕ್ಕೆ ಕೂತೆ. ರುಬೀನಾ ಹತ್ತಿ ಕೂತವಳೇ ಗ್ಲೋಬ್ ತಿರುಗಿಸುತ್ತಾ ಕೇಳಿದಳು: "ಹುಡ್ಗೀರನ್ನ ಸ್ಕೂಲಿಗೇ ಬಿಡದಿರೋ ದೇಶ ಇದಾವಂತಲ್ಲ ಮಿಸ್. ಅವರಿಗೆ ನಾವು ಇಲ್ಲಿಂದ ಏನ್ ಮಾಡ್ಬೋದು?"

ನಾನು ತಲೆ ಕೆರೆದುಕೊಂಡು, "ಗೊತ್ತಿಲ್ಲಮ್ಮ" ಅಂದೆ. ಇಡೀ ಕ್ಲಾಸು ಒಟ್ಟಿಗೆ ಕೂಗಿತು, "ಸೋಮವಾರ ಹೇಳ್ಬೇಕು ಮಿಸ್!"

ನಾಳೆ ಸೋಮವಾರ. ಹುಡುಕುತ್ತಾ ಕೂತಿದ್ದೇನೆ, ಮೇಷ್ಟ್ರೇ. ನಾನು ಇಳಿದಿದ್ದೇನೆ.