ಎರಡು ಕಡತಗಳ ನಡುವೆ ಬಂದ ಬಿರುಗಾಳಿ

ಬಾಹ್ಯಾಕಾಶ ಹವಾಮಾನ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಬಂಡೆಗೆ ತಗುಲಿ ಮುಳುಗಿದ ಸರಕುಹಡಗಿನಿಂದ ನನ್ನ ಗಂಡ ಸಹಾಯಕ್ಕೆ ಕರೆಯಲೇ ಇಲ್ಲ ಎನ್ನುತ್ತದೆ ತನಿಖಾ ವರದಿ. 'ರೇಡಿಯೋ ಆಪರೇಟರ್‌ನ ಕರ್ತವ್ಯಲೋಪ' ಎಂಬ ಆ ಸಾಲಿಗೆ ಆಧಾರ ನೀವು ಕೊಟ್ಟ ಒಂದು ಪುಟದ ಪ್ರಮಾಣಪತ್ರ: ಅಂದು ಮಧ್ಯಾಹ್ನದ ನಂತರ ಆಕಾಶ ಶಾಂತವಾಗಿತ್ತು, ರೇಡಿಯೋಗೆ ಅಡ್ಡಿಯಿರಲಿಲ್ಲ.

ಶಾಂತವಾಗಿತ್ತೇ? ಸೂರ್ಯನಲ್ಲಿ ಒಂದರ ಹಿಂದೊಂದು ಎರಡು ಸ್ಫೋಟಗಳಾಗಿದ್ದವು. ಮಗುವಿನ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡ ಕಾಂತಕ್ಷೇತ್ರವನ್ನು ಹೊತ್ತೇ ಅವು ಹೊರಡುತ್ತವೆ. ಮೊದಲನೆಯದು ದಾರಿ ಗುಡಿಸಿಕೊಟ್ಟಿತು. ಎರಡನೆಯದು ಆ ಖಾಲಿ ದಾರಿಯಲ್ಲಿ ಓಡಿಬಂದು ಮೊದಲನೆಯದರ ಬೆನ್ನಿಗೆ ಗುದ್ದಿ, ಅದರ ಕಾಂತಕ್ಷೇತ್ರವನ್ನು ಅದುಮಿ ಬಿಗಿಗೊಳಿಸಿತು. ಅದರ ದಿಕ್ಕೂ ಭೂಮಿಯ ಕಾಂತಕ್ಷೇತ್ರಕ್ಕೆ ವಿರುದ್ಧ. ಅಂಥದ್ದು ಬಂದಾಗ ಭೂಮಿಯ ಕಾಂತಕವಚ ಬಾಗಿಲು ತೆರೆಯುತ್ತದೆ. ರೇಡಿಯೋ ಅಲೆಗಳು ಪುಟಿದು ಬರುವ ಮೇಲಿನ ವಾತಾವರಣ ಕಲಕಿಹೋಗಿ, ದೂರದ ರೇಡಿಯೋ ಮಾತು ತಲುಪುವುದಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು. ಮಗುವನ್ನು ಹೆಗಲಿಗೆ ಹಾಕಿಕೊಂಡು ನೀವೇ ಪ್ರಕಟಿಸಿದ ಅಂಕಿಅಂಶಗಳನ್ನು ತಿಂಗಳುಗಟ್ಟಲೆ ನೋಡಿದ್ದೇನೆ.

ನಿಮಗಿದು ಗೊತ್ತಿಲ್ಲದ್ದೇ? ಗೊತ್ತು. ಆದರೆ ನಿಮ್ಮಲ್ಲಿ ಒಂದು ಸ್ಫೋಟಕ್ಕೆ ಒಂದು ಕಡತ. ಮೊದಲನೆಯದರ ಮುಂಭಾಗ ಭೂಮಿಯನ್ನು ದಾಟಿದ್ದೇ ತಡ, ಕಡತ ಮುಚ್ಚಿ ಎಚ್ಚರಿಕೆ ಹಿಂತೆಗೆದುಕೊಂಡಿರಿ.

"ಎರಡನೇದು ಬೇರೆ ಟೇಬಲ್ಲು ಮೇಡಂ. ಅದು ಮಾರನೇ ದಿನ ಬರ್ಬೇಕಿತ್ತು," ಎಂದರು ನಿಮ್ಮ ಗುಮಾಸ್ತರು.

"ಅವತ್ತೇ ಬಂತಲ್ವಾ?"

"ಬಂತು. ಆದ್ರೆ ಅವತ್ತಿನ ಫೈಲು ಕ್ಲೋಸ್ ಆಗಿತ್ತಲ್ಲ."

ಸೂರ್ಯನಿಗೆ ಕಚೇರಿಯ ಶಿಸ್ತು ತಿಳಿಯದು, ಕ್ಷಮಿಸಿಬಿಡಿ.

ಹಡಗಿನಿಂದ ಬದುಕಿ ಬಂದ ಅಡುಗೆಯವರು ನಮ್ಮ ಮನೆಯ ಸ್ಟೂಲಿನ ಮೇಲೆ ಕೂತು ಹೇಳಿದರು: "ಮೈಕು ಕೈಯಿಂದ ಬಿಡ್ಲೇ ಇಲ್ಲ ಕಣಮ್ಮ. ನೀರು ಮೊಣಕಾಲಿಗೆ ಬಂದ್ರೂ ಕೂಗ್ತಾನೇ ಇದ್ದ. ಬಾರೋ ಅಂದ್ರೆ, 'ಇರಣ್ಣ, ಇನ್ನೊಂದ್ಸಲ ನೋಡ್ತೀನಿ' ಅಂದ." ಈ ಮಾತು ವರದಿಯಲ್ಲಿಲ್ಲ. ಅಡುಗೆಯವರಿಗೆ ರೇಡಿಯೋ ಪರಿಣತಿ ಇಲ್ಲವಂತೆ.

ನನಗೀಗ ನಿದ್ದೆಯಿಲ್ಲ. ಕರೆದದ್ದು ಯಾರಿಗೂ ಕೇಳಿಸದೆ ಹೋಗುವುದುಂಟು ಎಂದು ತಿಳಿದ ಮೇಲೆ, ಮಗಳು ಮಗ್ಗುಲಾದರೂ ಎದ್ದು ಕೂರುತ್ತೇನೆ.

ಪರಿಹಾರ ಕೇಳುತ್ತಿಲ್ಲ. ಆ ಎರಡು ಕಡತಗಳನ್ನು ಒಂದೇ ದಾರದಲ್ಲಿ ಕಟ್ಟಿ. ಪ್ರಮಾಣಪತ್ರ ಹಿಂತೆಗೆದುಕೊಂಡು, ಅವರು ಕರೆದಿದ್ದರೂ ಆ ಕರೆ ದಡ ಮುಟ್ಟುವಂತಿರಲಿಲ್ಲ ಎಂದು ತನಿಖಾ ಮಂಡಳಿಗೆ ಬರೆದುಕೊಡಿ. ಮಗಳಿಗೆ ಹತ್ತು ತಿಂಗಳು. ಅವಳು ಓದಲು ಕಲಿಯುವ ಹೊತ್ತಿಗೆ ಆ ಸಾಲು ಅಲ್ಲಿರಬಾರದು. ಇನ್ನೂ ನಾಲ್ಕೈದು ವರ್ಷವಿದೆ. ನಿಮ್ಮ ಕಚೇರಿಗೂ ಅಷ್ಟು ಸಾಕಾಗಬಹುದು.

ಇಂತಿ,
ಆ ಕರೆಗೆ ಇನ್ನೂ ಕಿವಿಗೊಟ್ಟು ಕೂತಿರುವ,
ರೇಡಿಯೋ ಆಪರೇಟರ್‌ನ ಹೆಂಡತಿ