ಹುಣಸೆಮರದ ಕೆಳಗೆ ಓದಿದ ಲೇಖನ

ವಿದ್ಯಾರ್ಥಿನಿಯರ ಹಾಸ್ಟೆಲ್, ಬೆಂಗಳೂರು
18 ನವೆಂಬರ್ 1946

ಜಡಿಗೇನಹಳ್ಳಿಯ ಸೊಸೆಯಾದ ಮೇಲೆ ಕಾಗದವನ್ನೇ ಹಾಕದ ಲಕ್ಷ್ಮೀಗೆ, ನಿನ್ನ ತಾಹಿರಾಳ ಸಲಾಂ.

ಕೂತುಕೊಂಡು ಓದು. ನನ್ನ ಲೇಖನ ಪ್ರಿಂಟ್ ಆಗಿದೆ ಕಣೇ! ಮಾಸಪತ್ರಿಕೆಯಲ್ಲಿ ಮೂರು ಪುಟ, ಕೆಳಗೆ ನನ್ನ ಹೆಸರು. ಆದರೆ ಅದಕ್ಕೂ ಮುಂಚೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಹಾಸ್ಟೆಲಿಗೆ ಸೇರಿದ ದಿನ ಹುಡುಗಿಯರು ನಿನ್ನ ಫಾದರ್ ಏನು ಮಾಡುತ್ತಾರೆ ಎಂದು ಕೇಳಿದಾಗ, ಹೊಸಕೋಟೆ ತಾಲ್ಲೂಕು ಕಚೇರಿಯಲ್ಲಿ ಆಫೀಸರ್ ಎಂದುಬಿಟ್ಟಿದ್ದೆ. ಕಚೇರಿಯ ಹೊರಗೆ, ಹುಣಸೆಮರದ ಕೆಳಗೆ ಚಾಪೆ ಹಾಸಿಕೊಂಡು ಹಳ್ಳಿಯವರಿಗೆ ಅರ್ಜಿ ಬರೆದುಕೊಡುತ್ತಾರೆ ಎನ್ನಲು ನಾಲಿಗೆ ಏಳಲಿಲ್ಲ.

ನಮ್ಮ ರೀಡಿಂಗ್ ರೂಮಿಗೆ ಬರುವ ಆ ಪತ್ರಿಕೆಯಲ್ಲಿ ಜುಲೈ ತಿಂಗಳು ಒಂದು ಲೇಖನ ಬಂದಿತ್ತು. ಪೇಟೆಯಲ್ಲಿ ಹಳೆಯ ಕೊಡೆ ರಿಪೇರಿ ಮಾಡುವ ಮುದುಕನ ವಿಷಯ. ಮಹಾರಾಜರೂ ಅಲ್ಲ, ಲೀಡರೂ ಅಲ್ಲ, ಕೊಡೆ ರಿಪೇರಿಯವನು. ಅವನು ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದನ್ನೂ ಬಿಡದೆ ಬರೆದಿದ್ದರು. ನಾಲ್ಕು ಸಲ ಓದಿದೆ. ನಾನೂ ಬರೆಯಬೇಕೆನಿಸಿ, ಶಿವಗಂಗೆ ಬೆಟ್ಟದ ಸೂರ್ಯೋದಯವನ್ನು ಬಣ್ಣಿಸಿ ಕಳಿಸಿದೆ. ಸಂಪಾದಕರು ಅದನ್ನು ಹಿಂದಕ್ಕೆ ಕಳಿಸಿ ಒಂದೇ ಸಾಲು ಬರೆದಿದ್ದರು: ಬೆಟ್ಟದ ಮೇಲೆ ನಿಮಗೆ ಮನುಷ್ಯರು ಯಾರೂ ಸಿಗಲಿಲ್ಲವೇ? ಎರಡು ದಿನ ಅತ್ತೆ. ಮೂರನೆಯ ದಿನ ಅಬ್ಬಾನ ಬಗ್ಗೆ ಬರೆಯಲು ಕೂತೆ.

ಅಬ್ಬಾನ ಪದ್ಧತಿ ನೀನೂ ನೋಡಿದ್ದೀಯ. ಅರ್ಜಿ ಬರೆದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೇಳಿದವರು ಇದು ನನ್ನ ಮಾತೇ ಎಂದರೆ ಮಾತ್ರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಹರಿದುಹಾಕಿ ಹೊಸದಾಗಿ ಬರೆಯುತ್ತಾರೆ. ಅದನ್ನೆಲ್ಲ ಚೆಂದವಾಗಿ ಬರೆದ ನಾನೇ, ಅಬ್ಬಾನಿಗೆ ಒಂದು ಸಾಲೂ ಓದಿ ಹೇಳದೆ ಪೋಸ್ಟ್ ಮಾಡಿದ್ದೆ. ಪತ್ರಿಕೆ ಕೈಗೆ ಬಂದಾಗ ಸಂತೋಷಕ್ಕಿಂತ ಮೊದಲು ಭಯವೇ ಬಂತು. ಇದು ನಾನಲ್ಲ ಎಂದು ಅಬ್ಬಾ ಹೇಳಿಬಿಟ್ಟರೆ? ಕಚೇರಿಯ ಎದುರಿಗೆ ಅರ್ಜಿ ಟೈಪ್ ಮಾಡಿಕೊಡುವ ಮಿಷನ್ನಿನವನು ಬಂದು ಕೂತ ಮೇಲೆ, ಇನ್ನು ಈ ಕೆಲಸ ಸಾಕು ಎಂದು ಅವರು ಬೇರೆ ಹೇಳುತ್ತಿದ್ದರು.

ಮೊನ್ನೆ ಶನಿವಾರ ಬಸ್ಸಿಳಿದು ನೇರವಾಗಿ ಮರದ ಹತ್ತಿರವೇ ಹೋದೆ. ಚಿಕ್ಕಬೀರಪ್ಪ, ಪಿಳ್ಳಪ್ಪ ಎಂಬ ಇಬ್ಬರು ರೈತರು ಅರ್ಜಿಗಾಗಿ ಕಾದಿದ್ದರು. ಅವರ ಎದುರಿಗೇ ನಿಂತು ಓದಿದೆ. ಎಷ್ಟು ನರ್ವಸ್ ಆಗಿದ್ದೆನೆಂದರೆ ಮೊದಲ ಸಾಲನ್ನೇ ಎರಡು ಸಲ ಓದಿದೆ. ಅಬ್ಬಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಬಡವರ ಕಣ್ಣೀರೇ ಇವರ ಮಸಿ ಎಂಬ ಸಾಲು ಬಂದಾಗ ಕೈ ಎತ್ತಿ ತಡೆದರು. ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು:

"ಯಾರಮ್ಮಾ ಇಲ್ಲಿ ಅತ್ತಿದ್ದು? ಮಸಿಪುಡಿ ನಾನು ಅಂಗಡೀಲಿ ತರ್ತೀನಿ. ಅದನ್ನ ಹೊಡೆದುಹಾಕು."

ನಾನು ತುಂಬ ಇಷ್ಟಪಟ್ಟು ಬರೆದ ಸಾಲು ಕಣೇ ಅದು. ಅವರ ಲೇಖನಿಯಿಂದಲೇ ಹೊಡೆದುಹಾಕಿದೆ.

"ಬುಡಿ ಸಾಬ್ರೆ," ಎಂದು ಚಿಕ್ಕಬೀರಪ್ಪ ನಕ್ಕ. "ನನ್ನ ಅರ್ಜೀನ ಮೂರು ಸಲ ಹರಿದ್ರಿ. ಮಗಳದ್ದು ಒಂದೇ ಸಾಲು."

ಉಳಿದದ್ದನ್ನು ಕೊನೆಯ ಸಾಲಿನವರೆಗೂ ಓದಿ ಮುಗಿಸಿದೆ. ಆಮೇಲೆ ಅಬ್ಬಾ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕೊನೆಯ ಪುಟ ತೆರೆದು ಮಸಿಯತ್ತ ಬಾಗಿ, ವಾಪಸು ಕೊಟ್ಟರು. ಹೊಸ ಹಾಳೆ ತೆಗೆದು, "ಬಾರಪ್ಪ ಪಿಳ್ಳಪ್ಪ, ಹೇಳು. ನಿನ್ನ ಮಾತಲ್ಲೇ ಹೇಳು," ಎಂದರು. ಆ ದಿನ ಟೈಪ್ ಮಿಷನ್ನಿನ ಸುದ್ದಿಯೇ ಏಳಲಿಲ್ಲ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ನುಗ್ಗಿ ಅರ್ಧ ಡಜನ್ ಹೊಸ ನಿಬ್ಬು ಕೊಂಡರು.

ಇನ್ನು ಮುಂದೆ ಓದಿ ಹೇಳದೆ ಏನನ್ನೂ ಪೋಸ್ಟ್ ಮಾಡದ,
ನಿನ್ನ ತಾಹಿರಾ
(ಅರ್ಜಿ ಬರೆಯುವ ಅಬ್ದುಲ್ ರಜಾಕರ ಮಗಳು)

ತಾ.ಕ.: ಆ ಮೂರು ಪುಟಗಳನ್ನು ಇವತ್ತು ಬೆಳಿಗ್ಗೆ ನಾನೇ ಹಾಸ್ಟೆಲಿನ ನೋಟೀಸ್ ಬೋರ್ಡಿಗೆ ಹಚ್ಚಿದೆ. ಕೊನೆಯ ಪುಟದ ಅಂಚಿನಲ್ಲಿ ಅಬ್ಬಾ ಒತ್ತಿದ ಹೆಬ್ಬೆಟ್ಟಿನ ಗುರುತಿದೆ. ವಾರ್ಡನ್ ಕನ್ನಡಕ ಸರಿಮಾಡಿಕೊಂಡು ನೋಡಿ, ನಿಮ್ಮ ಫಾದರಿಗೆ ಸೈನ್ ಮಾಡಲು ಬರುವುದಿಲ್ಲವೇ ಎಂದರು. ಮೂರು ಲಿಪಿಯಲ್ಲಿ ಬರುತ್ತದೆ ಎಂದೆ. ಮತ್ತೆ ಹೆಬ್ಬೆಟ್ಟೇಕೆ ಎಂದರು.

"ಪೂರ್ತಿ ಓದಿ ಹೇಳಿದೆ ಮೇಡಂ. ತಮ್ಮ ಮಾತೇ ಅಂತ ಒಪ್ಪಿಕೊಂಡರು."