ಆರನೆಯ ಕಾರ್ಬನ್

ಬೀದರ, ಗುರುವಾರ

ಓಂಪ್ರಕಾಶ ಸರ್ ಅವರಿಗೆ ನಮಸ್ಕಾರ.

ನಮ್ಮ ಹಾಸ್ಟೆಲ್ಲಿನ ಹುಡುಗಿ, ಠಾಣಾ ಕುಶನೂರಿನ ಪ್ರಣಿತಾ, ಎರಡು ದಿನದಿಂದ ನಿಮ್ಮ ಕೆಮಿಸ್ಟ್ರಿ ಕ್ಲಾಸಿಗೆ ಬಂದಿಲ್ಲ. ಅವಳಿಗೆ ಜ್ವರವೇನೂ ಇಲ್ಲ. ನೀವು ಬೋರ್ಡಿನ ಮೇಲೆ ಬರೆದ ಹೈಡ್ರೋಕಾರ್ಬನ್ನಿಗೆ ಅವಳು 3-ಮೀಥೈಲ್ ಹೆಕ್ಸೇನ್ ಎಂದು ಹೆಸರು ಹೇಳಿದಳು. ನೀವು 2-ಈಥೈಲ್ ಪೆಂಟೇನ್ ಅಂದಿರಿ. "ಸಾಲಿನಾಗ ಕಣ್ಣಿಗಿ ಕಾಣೋವು ಐದು ಕಾರ್ಬನ್. ಆರನೇದು ನಿಮ್ಮ ಕುಶನೂರ ಬಸ್ಸಿನಾಗ ಬಂತೇನವ್ವಾ?" ಎಂದು ಕೇಳಿ ಇಡೀ ಕ್ಲಾಸನ್ನು ನಗಿಸಿದಿರಿ.

ಸಿಟ್ಟಿನಲ್ಲಿ ಬರೆಯಬಾರದೆಂದು ಒಂದು ದಿನ ತಡೆದೆ. ಮಮತೆ ನನ್ನ ಕಣ್ಣು ಕಟ್ಟಿದೆಯೇನೋ ಎಂದು ಪಠ್ಯಪುಸ್ತಕವನ್ನೂ ತೆಗೆದು ನೋಡಿದೆ. ನಾನೂ ಬಿ.ಎಸ್ಸಿ. ಓದಿದವಳು. ಅತಿ ಉದ್ದದ ಸರಪಳಿ ನೇರವಾಗಿಯೇ ಇರಬೇಕೆಂದಿಲ್ಲ, ತಿರುಗಿ ಟೊಂಗೆಗೂ ಇಳಿಯಬಹುದು. ಹಾಗೆ ಎಣಿಸಿದರೆ ಆರು ಕಾರ್ಬನ್; ಐದರ ಪೆಂಟೇನ್ ಅಲ್ಲ, ಆರರ ಹೆಕ್ಸೇನ್. ಅವಳ ಹೆಸರೇ ಸರಿ.

ತಪ್ಪು ಯಾರಿಗಾದರೂ ಆಗುತ್ತದೆ. ಆದರೆ "ಸರ್, ಟೊಂಗಿ ಕಡಿಂದ ಎಣಿಸ್ರಿ" ಎಂದು ಅವಳು ಹೇಳಿದಾಗ ನೀವು ಎಣಿಸಲಿಲ್ಲ. ಇಂಗ್ಲಿಷ್ ಮೀಡಿಯಂ ಹುಡುಗಿ ಹೇಳಿದ್ದರೆ ಎಣಿಸುತ್ತಿದ್ದಿರಿ. ನಾನು ಅಂಥ ಹುಡುಗಿಯಾಗಿದ್ದೆ, ನನ್ನ ಮಾತಿಗೆ ಎಲ್ಲರೂ ಎಣಿಸುತ್ತಿದ್ದರು.

ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋಗುತ್ತೇನೆ ಎಂದು ಅವಳು ಹಟ ಹಿಡಿದಿದ್ದಾಳೆ. ಸಹಿ ಹಾಕಲು ಸೋಮವಾರ ಅವಳ ಅಪ್ಪ ಬರುತ್ತಾರೆ. ಅದಕ್ಕೆ ಮೊದಲು, ನಾಳೆ, ಅವಳನ್ನು ನಾನೇ ಕ್ಲಾಸಿಗೆ ಕರೆತರುತ್ತೇನೆ. ಅದೇ ಅಣುವನ್ನು ಬರೆದು, ನಕ್ಕವರೆಲ್ಲರ ಮುಂದೆ ಎಣಿಸಿರಿ. ಕ್ಷಮೆಯ ಮಾತು ನನಗೆ ಬೇಡ. ನೀವು ಎಣಿಸಿ ಮುಗಿಸುವವರೆಗೆ ನಾನು ಬಾಗಿಲಲ್ಲಿ ನಿಂತಿರುತ್ತೇನೆ.

ನಾಳೆ ಕಾಣುವ,
ಸುಜಾತಾ
ವಾರ್ಡನ್, ಹುಡುಗಿಯರ ಹಾಸ್ಟೆಲ್